ಬೀದಿಗೆ ಬಂದ ಕುರ್ಚಿ

ನಲವತ್ತೊಂದು ವರ್ಷ ಸಂಸಾರ ಮಾಡಿದ ಮೇಲೂ ಹೆಂಡತಿ ಆಡಿದ ಮಾತನ್ನು ಆಡಿದ ಹಾಗೇ ನಂಬಿದ್ದು ಗಾಶ್ಪಾರನ ತಪ್ಪು.

"ಈ ದರಿದ್ರ ಕುರ್ಚಿ ಯಾವತ್ತು ಮನೆಯಿಂದ ತೊಲಗುತ್ತೋ!" ಎಂದು ಎತೆಲ್ಕಾ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಮದುವೆಯಾದ ವರ್ಷ ಕೊಂಡ, ಆ ಕಾಲದಲ್ಲಿ ಎಲ್ಲರ ಮನೆಗೂ ಬರುತ್ತಿದ್ದಂಥ, ಹಸಿರು ಬಟ್ಟೆಯ, ಮರದ ಕೈಗಳ ಎತ್ತರದ ಕುರ್ಚಿ ಅದು. ಬಂದ ತಿಂಗಳಲ್ಲೇ ಗಾಶ್ಪಾರ್ ಅದರಲ್ಲಿ ಕೂತು ರೇಡಿಯೋದಲ್ಲಿ ಫುಟ್‌ಬಾಲ್ ಕೇಳುತ್ತಿದ್ದಾಗ, ಗೋಲು ಬಿದ್ದ ಖುಷಿಗೆ ಕೈಯಲ್ಲಿದ್ದ ಸಿಗರೇಟನ್ನು ಬಲಗೈ ಮರದ ಮೇಲೆ ಒತ್ತಿಬಿಟ್ಟಿದ್ದ. ಅಲ್ಲಿ ಕಡಲೆಕಾಳಿನಷ್ಟು ಕಪ್ಪು ಕಲೆ ಉಳಿಯಿತು. ಅಂದಿನಿಂದ ಕುರ್ಚಿ ಎತೆಲ್ಕಾಳದು, ಅಡುಗೆಮನೆಯ ಸ್ಟೂಲು ಗಾಶ್ಪಾರನದು. ಅವಳು ಅದರಲ್ಲೇ ಕೂತು ಹೆಣೆಯುತ್ತಿದ್ದಳು, ತೂಕಡಿಸುತ್ತಿದ್ದಳು, ಎಚ್ಚರವಾದಾಗ ಆ ಕಲೆಯ ಮೇಲೆ ಬೆರಳಾಡಿಸುತ್ತಾ ಗಂಡನಿಗೆ ಬೈಯುತ್ತಿದ್ದಳು.

ಈಗ ಅವಳು ಸೊಂಟದ ಮೂಳೆ ಮುರಿದುಕೊಂಡು ಐದು ವಾರದಿಂದ ಆಸ್ಪತ್ರೆಯಲ್ಲಿದ್ದಳು. ಇವತ್ತು ಸಂಜೆ ನಾಲ್ಕಕ್ಕೆ ಮನೆಗೆ ಬರುವವಳಿದ್ದಳು. ಬುಡಾಪೆಸ್ಟಿನ ಎಂಟನೇ ವಾರ್ಡಿನ ಆ ಬೀದಿಗೆ ವರ್ಷಕ್ಕೊಮ್ಮೆ ಬರುವ ಹಳೇ ಸಾಮಾನಿನ ದಿನವೂ ಇವತ್ತೇ ಆಗಿತ್ತು. ಮನೆಗೆ ಬೇಡವಾದದ್ದನ್ನೆಲ್ಲ ಜನ ಫುಟ್‌ಪಾತಿಗೆ ತಂದು ಸುರಿಯುತ್ತಾರೆ, ಮಾರನೇ ಬೆಳಿಗ್ಗೆ ಲಾರಿ ಬಂದು ಒಯ್ಯುತ್ತದೆ. ಲಾರಿಗಿಂತ ಮೊದಲು ಒಯ್ಯುವವರೂ ಇದ್ದಾರೆ. ಒಂದು ರಾಶಿಯ ಪಕ್ಕ ಒಬ್ಬರು ಫ್ಲಾಸ್ಕ್ ಇಟ್ಟುಕೊಂಡು ಕೂತರೆ ಆ ರಾಶಿ ಅವರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಬರೆದಿಟ್ಟ ಎಷ್ಟೋ ಕಾನೂನುಗಳಿಗಿಂತ ಚೆನ್ನಾಗಿ ನಡೆಯುತ್ತದೆ.

ಬೆಳಿಗ್ಗೆ ಎಂಟಕ್ಕೇ ನೆಲಮಹಡಿಯ ವಿಲ್ಮಾ ಅಳತೆ ಟೇಪು ಹಿಡಿದು ಬಂದಳು. ಆ ವಠಾರದಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಒಲೆ ಆರಿಸಲು ಅವಳೇ ಬರಬೇಕು.

"ಗಾಶ್ಪಾರಣ್ಣ, ಎತೆಲ್ಕಾ ವಾಕರ್ ಹಿಡ್ಕೊಂಡು ಓಡಾಡ್ಬೇಕು. ಮಂಚಕ್ಕೂ ಬಾಗಿಲಿಗೂ ಮಧ್ಯೆ ಈ ಕುರ್ಚಿ ಇಟ್ಕೊಂಡ್ರೆ ಅವಳೇನು ಹಾರ್ಕೊಂಡು ಹೋಗ್ತಾಳಾ?"

"ಅವಳಿಗೂ ಇದನ್ನ ಕಂಡ್ರೆ ಆಗಲ್ಲ," ಎಂದ ಗಾಶ್ಪಾರ್.

"ಮತ್ತೆ? ಹೊರಗೆ ಹಾಕಿ! ಬಂದಾಗ ನೋಡಿ ಎಷ್ಟು ಖುಷಿಪಡ್ತಾಳೆ."

ಲಿಫ್ಟು ಕೆಟ್ಟು ಎರಡು ವರ್ಷವಾಗಿತ್ತು. ಮೇಲ್ಮಹಡಿಯ ಆಂಬ್ರುಶ್, ನಿವೃತ್ತ ಭೂಗೋಳದ ಮೇಷ್ಟ್ರು, ಸಹಾಯಕ್ಕೆ ಬಂದ. ಅವನ ಸಹಾಯವೆಂದರೆ ಮುಂದೆ ಮುಂದೆ ಇಳಿಯುತ್ತಾ "ಎಡಕ್ಕೆ, ಅಲ್ಲ, ಬಲಕ್ಕೆ" ಎನ್ನುವುದು. ಕುರ್ಚಿ ಎರಡು ಮಹಡಿ ಇಳಿದು ಬೀದಿಗೆ ಬಂತು. ರಾಶಿಯ ಪಕ್ಕ ಕೂತಿದ್ದ ಕಾಲ್ಮಾನ್ ಎಂಬ ದಪ್ಪ ಮೀಸೆಯವನು ಟೋಪಿ ಎತ್ತಿ ನಮಸ್ಕಾರ ಹೇಳಿದ.

ಹನ್ನೊಂದಕ್ಕೆ ಫೋನು ಬಂತು.

"ಗಾಶ್ಪಾರ್, ಊಟ ಮಾಡ್ತಿದೀಯ ತಾನೇ?" ಎತೆಲ್ಕಾಳ ದನಿ ಸಣ್ಣದಾಗಿತ್ತು. "ನೋಡು, ಎತ್ತರದ ಕುರ್ಚಿಲೇ ಕೂರ್ಬೇಕು ಅಂದ್ರು ಡಾಕ್ಟ್ರು. ನಮ್ಮನೇಲಿ ಇದೆ ಅಂದೆ. ಐದು ವಾರದಿಂದ ನನಗೆ ಬೇರೇನೂ ಬೇಡ ಅನ್ನಿಸಿದೆ ಕಣೋ. ನನ್ನ ಕುರ್ಚಿಲಿ ಒಂದ್ಸಲ ಕೂತ್ಕೊಂಡ್ರೆ ಸಾಕು." ಆಮೇಲೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು.

ಗಾಶ್ಪಾರ್ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿದ. ಅವಳು ಆಸ್ಪತ್ರೆಯಲ್ಲಿ ಒಂದು ದಿನವೂ ಅತ್ತವಳಲ್ಲ.

ಬೀದಿಯಲ್ಲಿ ರಾಶಿ ಗುಡ್ಡವಾಗಿತ್ತು. ಕುರ್ಚಿ ಕಾಣಲಿಲ್ಲ.

"ಹಸಿರು ಕುರ್ಚಿ ತಾನೇ?" ಕಾಲ್ಮಾನ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡ. "ಇದೆ, ಆ ಜಮಖಾನೆಗಳ ಅಡಿಯಲ್ಲಿ. ಆದ್ರೆ ಅದು ಈಗ ನಿಮ್ಮದಲ್ಲ, ನಂದು."

"ಬೆಳಿಗ್ಗೆ ನಾನೇ ತಂದಿಟ್ಟಿದ್ದು!"

"ಹೌದು, ನಾನೇ ನೋಡ್ದೆ. ಇಟ್ಟಿದ್ದು ನೀವು, ಕಾದಿದ್ದು ನಾನು. ನಾಳೆ ಎಲ್ರೂ ಹಿಂಗೇ ಬಂದು ಕೇಳಿದ್ರೆ ನಾನು ಚಳೀಲಿ ಯಾಕೆ ಕೂರ್ಲಿ ಹೇಳಿ?"

ಮಾತು ನ್ಯಾಯವಾಗಿತ್ತು. ಗಾಶ್ಪಾರ್ ಸೋತು ರಾಶಿಯ ಮೇಲೆಯೇ ಕುಸಿದು ಕೂತ. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಆ ಚಳಿಯಲ್ಲಿ ಮನೆಚಪ್ಪಲಿ ಕಾಲಿನ ಮುದುಕನನ್ನು ನೋಡಿ ಮರುಗಿ, ಚೀಲದಿಂದ ಒಂದು ಉಣ್ಣೆ ಕೋಟು ತೆಗೆದು ಅವನ ತೊಡೆಯ ಮೇಲಿಟ್ಟು, "ದೇವರು ಒಳ್ಳೇದು ಮಾಡ್ಲಿ ತಾತ," ಎಂದು ಹೋದಳು. ಕೋಟನ್ನು ಕಾಲ್ಮಾನ್ ಮರ್ಯಾದೆಯಿಂದ ಎತ್ತಿ ತನ್ನ ಕಡೆ ಇಟ್ಟುಕೊಂಡ.

ಅಷ್ಟರಲ್ಲಿ ವಿಲ್ಮಾ, ಆಂಬ್ರುಶ್ ಇಬ್ಬರೂ ಇಳಿದು ಬಂದರು. ವಿಷಯ ತಿಳಿದು ವಿಲ್ಮಾ ಕಣ್ಣೊರೆಸಿಕೊಂಡಳು.

"ಪಾಪ, ಅದನ್ನ ಹೊರಗೆ ಹಾಕೋ ಬುದ್ಧಿ ನಿಮಗೆ ಯಾರು ಹೇಳಿಕೊಟ್ರು ಗಾಶ್ಪಾರಣ್ಣ?"

ಗಾಶ್ಪಾರ್ ಅವಳನ್ನೇ ನೋಡಿದ.

ಆಮೇಲೆ ಬದಲಿ ವ್ಯಾಪಾರ ಶುರುವಾಯಿತು. ವಿಲ್ಮಾ ಒಂದು ಹೂದಾನಿ ತಂದಳು, ಆಂಬ್ರುಶ್ ಪಾಠ ಹೇಳುತ್ತಿದ್ದ ಕಾಲದ ಭೂಮಿಯ ಗೋಳ ತಂದ. "ಈ ಗೋಳದಲ್ಲಿ ಈಗ ಇಲ್ಲದ ದೇಶಗಳೇ ಜಾಸ್ತಿ," ಎಂದು ಕಾಲ್ಮಾನ್ ತಿರುಗಿಸಿ ನೋಡಿ ವಾಪಸು ಕೊಟ್ಟ. ಗಂಟೆ ಎರಡಾಯಿತು. ಮೂರಾಯಿತು.

"ನಿಮಗೆ ಏನು ಬೇಕು ಅದನ್ನಾದ್ರೂ ಹೇಳಿ ಮಾರಾಯ್ರೆ," ಎಂದ ಗಾಶ್ಪಾರ್.

"ನನಗೇನೂ ಬೇಡ. ಭಾನುವಾರ ಬಂದ್ರೆ ನದಿ ಕಡೆ ಹೋಗ್ತೀನಿ ಅಷ್ಟೆ."

"ನದೀನಾ?" ಆಂಬ್ರುಶನ ಮುಖ ಅರಳಿತು. "ಗಾಶ್ಪಾರ್ ಹತ್ರ ಮೂರು ಗಾಳದ ಕೋಲಿವೆ! ಕಬೋರ್ಡಿನ ಹಿಂದೆ. ಜರ್ಮನಿಯವು!"

ಗಾಶ್ಪಾರನಿಗೆ ಆ ಗೋಳವನ್ನು ಆಂಬ್ರುಶನ ತಲೆಗೆ ತೊಡಿಸಬೇಕೆನ್ನಿಸಿತು. ಮೂವತ್ತು ವರ್ಷ ಟ್ರಾಮು ಓಡಿಸಿದವನಿಗೆ ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಕೊಟ್ಟ ಕೋಲುಗಳವು. ಅವುಗಳಿಂದ ಅವನು ಹಿಡಿದ ಮೀನು ಬೆರಳೆಣಿಕೆಯಷ್ಟು. ಆದರೆ ಡ್ಯಾನ್ಯೂಬಿನ ದಡದಲ್ಲಿ ಅವನು ಕೂತಿದ್ದಾಗ ಯಾರೂ ಅವನಿಗೆ ಬೈಯುತ್ತಿರಲಿಲ್ಲ, ಬೆಲ್ ಹೊಡೆದು ನಿಲ್ಲಿಸು ಎನ್ನುತ್ತಿರಲಿಲ್ಲ. ಮಹಡಿ ಹತ್ತಿ ಹೋದ. ಕೋಲುಗಳ ಚೀಲವನ್ನು ಒಮ್ಮೆ ಎದೆಗೆ ಒತ್ತಿಕೊಂಡ. ಅವನಿಗೆ ನಿಜವಾಗಿಯೂ ಸಂಕಟವಾಯಿತು. ಆದರೂ ಫೋನಿನಲ್ಲಿ ಕೇಳಿದ್ದ ಆ ಮೂಗಿನ ಸದ್ದು ನೆನಪಾಗಿ ಇಳಿದು ಬಂದ.

ಜಮಖಾನೆಯಡಿಯಿಂದ ಹಸಿರು ಕುರ್ಚಿ ಹೊರಬಂತು. "ಎತ್ತಿ ಎತ್ತಿ, ನಾಲ್ಕಕ್ಕೆ ಹತ್ತೇ ನಿಮಿಷ!" ಎಂದು ವಿಲ್ಮಾ ಅವಸರ ಮಾಡಿದಳು. "ಬಲಕ್ಕೆ, ಅಲ್ಲ, ಎಡಕ್ಕೆ," ಎಂದ ಆಂಬ್ರುಶ್. ಬೆಳಿಗ್ಗೆಯ ಜಾಗಕ್ಕೆ ಕುರ್ಚಿ ಬಂದು ಕೂತಿತು. ಅದರ ಮೇಲೆ ವಿಲ್ಮಾ ಗಸಗಸೆ ಹೂರಣದ ಸುರುಳಿ ಕೇಕಿನ ತಟ್ಟೆ ಇಟ್ಟಳು.

ನಾಲ್ಕೂಕಾಲು ಗಂಟೆಗೆ ಎತೆಲ್ಕಾ ಬಂದಳು. ವಾಕರ್ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತಿದ್ದಳು, ತುಂಬ ಇಳಿದುಹೋಗಿದ್ದಳು. ಅವಳ ಹಿಂದೆ, ವ್ಯಾನಿನಲ್ಲಿ ಕರೆತಂದು ಎರಡು ಮಹಡಿ ಎತ್ತಿಕೊಂಡೇ ಹತ್ತಿಸಿದ್ದ ಅವಳ ತಂಗಿಯ ಮಗ ಮತ್ತೆ ಇಳಿದುಹೋಗಿ, ಏದುಸಿರು ಬಿಡುತ್ತಾ ಇನ್ನೊಂದು ಹಸಿರು ಕುರ್ಚಿಯನ್ನು ಹೊತ್ತು ತಂದ.

"ಮೂಲೆ ಅಂಗಡಿ ಹತ್ರ ಒಂದು ರಾಶೀಲಿ ಇತ್ತು," ಎಂದಳು ಎತೆಲ್ಕಾ. "ನಮ್ಮದರ ಥರಾನೇ. ಇನ್ಯಾವಳದೋ ಗಂಡ ಕೂಡ ನಿನ್ನ ಹಾಗೇ ಸಿಗರೇಟಲ್ಲಿ ಸುಟ್ಟಿದಾನೆ ನೋಡು! ಅಯ್ಯೋ ಪಾಪ ಅನ್ನಿಸ್ತು. ನಿನಗಿರಲಿ ಅಂತ ತಗೊಂಡೆ. ಎಷ್ಟು ದಿನ ಆ ಸ್ಟೂಲ್ ಮೇಲೆ ಕೂರ್ತೀಯ?"

ಗಾಶ್ಪಾರ್ ಆ ಕುರ್ಚಿಯ ಬಲಗೈ ನೋಡಿದ. ಕಡಲೆಕಾಳಿನಷ್ಟು ಕಪ್ಪು ಕಲೆ. ಗಾಳದ ಕೋಲು ಕೊಟ್ಟು ತಾನು ತಂದದ್ದು ಯಾರದೋ ಮನೆಯ ಕುರ್ಚಿ ಎಂದು ಅವನಿಗೆ ಆಗ ಹೊಳೆಯಿತು. ಆ ಕಾಲದ ಸರ್ಕಾರಿ ಕಾರ್ಖಾನೆ ಇಡೀ ದೇಶವನ್ನು ಒಂದೇ ಕುರ್ಚಿಯಲ್ಲಿ ಕೂರಿಸಿತ್ತು.

ಎತೆಲ್ಕಾ ಮೆಲ್ಲಗೆ ವಿಲ್ಮಾಳ ತಟ್ಟೆ ಸರಿಸಿ ಕೂತಳು. ಅವಳ ಬೆರಳು ಬಲಗೈ ಮರದ ಮೇಲೆ ಹರಿದಾಡಿತು, ನಿಂತಿತು, ಮತ್ತೆ ಹುಡುಕಿತು.

"ಗಾಶ್ಪಾರ್, ಕಲೆ ಎಲ್ಲಿ?"

"ಅದಾ... ಉಜ್ಜಿ ತೆಗೆದೆ. ನೀನು ಬರ್ತೀಯ ಅಂತ."

"ಉಜ್ಜಿದೆಯಾ? ಯಾರು ಉಜ್ಜು ಅಂದ್ರು?" ಅವಳಿಗೆ ಸಿಟ್ಟೇ ಬಂತು. "ಇನ್ನು ನಾನು ಯಾವುದನ್ನ ಹಿಡ್ಕೊಂಡು ನಿನಗೆ ಬೈಲಿ?" ಎಂದು ಕಷ್ಟಪಟ್ಟು ಎದ್ದು ಇನ್ನೊಂದಕ್ಕೆ ಹೋಗಿ ಕೂತಳು. ಬೆರಳು ಕಲೆಗೆ ತಾಗಿತು. ಐದು ವಾರದ ನೋವು ಅವಳ ಮುಖದಿಂದ ಇಳಿದುಹೋದಂತೆ ಕಂಡಿತು. "ಹಾಂ. ನನಗೆ ಇದೇ ಇರಲಿ. ಆ ಚೊಕ್ಕಟದ್ದು ನೀನಿಟ್ಕೋ."

ಗಾಶ್ಪಾರ್ ನಲವತ್ತೊಂದು ವರ್ಷದ ಮೇಲೆ ಕುರ್ಚಿಯಲ್ಲಿ ಕೂತ. ಬೆನ್ನು ಒರಗಿಸುವಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಬಂದವಳು ಕಾಲ್ಮಾನನ ಹೆಂಡತಿ ರೋಜಿ. ಕಾಲ್ಮಾನ್ ತನ್ನ ರಾಶಿಯಿಂದ ಆಗಾಗ ಸಾಮಾನು ಸಾಗಿಸುತ್ತಿದ್ದ ಮೂಲೆಯ ರಾಶಿ ಕಾಯುತ್ತಿದ್ದವಳು ಅವಳೇ, ಎತೆಲ್ಕಾಳಿಗೆ ಕುರ್ಚಿ ಕೊಟ್ಟವಳೂ ಅವಳೇ.

"ಅಮ್ಮಾ, ಆ ಗಾಳದ ಕೋಲು ಕೊಡ್ತೀನಿ ಅಂದಿದ್ರಲ್ಲ?"

"ಕೊಡು ಗಾಶ್ಪಾರ್," ಎಂದಳು ಎತೆಲ್ಕಾ. "ಕಬೋರ್ಡಿನ ಹಿಂದೆ ಇದಾವಲ್ಲ."

ಗಾಶ್ಪಾರ್ ಕದಲಲಿಲ್ಲ. ವಿಲ್ಮಾ ಸೀಲಿಂಗ್ ನೋಡಿದಳು. ಬಾಯಿ ಬಿಟ್ಟವನು ಆಂಬ್ರುಶ್: "ಅವನ್ನ ಮೂರೂವರೆಗೇ ಈಕೆಯ ಗಂಡನಿಗೆ ಕೊಟ್ಟಾಯ್ತಲ್ಲ, ಆ ಕುರ್ಚಿಗೆ!"

ಎತೆಲ್ಕಾ ಗಂಡನ ಮುಖವನ್ನೇ ತುಂಬ ಹೊತ್ತು ನೋಡಿದಳು.

ರೋಜಿ ಬೆರಳು ಮಡಚಿ ಲೆಕ್ಕ ಹಾಕಿದಳು. "ಹಂಗಾದ್ರೆ ಒಂದೇ ಕಟ್ಟು ಗಾಳಕ್ಕೆ ನಾವು ಎರಡು ಕುರ್ಚಿ ಕೊಟ್ಟಂಗಾಯ್ತು. ಒಂದು ವಾಪಸ್ ಕೊಡಿ ತಾತ." ಗಾಶ್ಪಾರ್ ಎದ್ದ. ಚೊಕ್ಕಟದ ಕುರ್ಚಿ ಹತ್ತಿದ ದಿನವೇ ಮೆಟ್ಟಿಲಿಳಿಯಿತು, ಆಂಬ್ರುಶನ ಎಡ ಬಲಗಳೊಂದಿಗೆ.

ಎಲ್ಲರೂ ಹೋದ ಮೇಲೆ ಗಾಶ್ಪಾರ್ ಅಡುಗೆಮನೆಯಿಂದ ತನ್ನ ಸ್ಟೂಲು ತಂದು ಅವಳ ಎದುರು ಹಾಕಿಕೊಂಡ. ಗಾಳ ಹೋಗಿತ್ತು, ವಾಕರ್‌ಗೆ ದಾರಿಯಿರಲಿಲ್ಲ, ಕುರ್ಚಿ ಇದ್ದಲ್ಲೇ ಇತ್ತು. ಆದರೂ ಸದ್ಯ, ಆಂಬ್ರುಶ್ ಅಷ್ಟು ಹೇಳಿದರೂ ಅವಳು ಬೈಯಲಿಲ್ಲ, ಕುರ್ಚಿ ಬೀದಿಗೆ ಹೋಗಿದ್ದು ಅವಳಿಗೆ ಗೊತ್ತಾಗಿರಲಿಕ್ಕಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ.

ಎತೆಲ್ಕಾ ಕುರ್ಚಿಯ ಸಂದಿಗೆ ಕೈ ತೂರಿಸಿದಳು. ಅಲ್ಲಿಂದ ತನ್ನ ಕನ್ನಡಕ ತೆಗೆದಳು. ಆಮೇಲೆ ಸೂಜಿಯ ಸಮೇತ ಅರ್ಧ ಹೆಣೆದಿದ್ದ ಒಂದು ಕಾಲುಚೀಲ ತೆಗೆದಳು. ಬಿದ್ದ ದಿನ ಅವಳು ಅಲ್ಲಿ ತುರುಕಿಟ್ಟು ಎದ್ದಿದ್ದಳು.

"ನನ್ನ ಕುರ್ಚಿ ಬೀದೀಲಿ ನಿಂತಿದ್ರೆ ನನಗೆ ಗುರುತು ಸಿಗಲ್ವೇನೋ?" ಎಂದಳು. "ಮಾಡಿದ ತಪ್ಪಿಗೆ ದಂಡ ಇರಲಿ ಅಂತ ಗಾಳ ಕೊಡ್ತೀನಿ ಅಂದೆ. ನೀನು ನನಗಿಂತ ಮೊದಲೇ ಕಟ್ಟಿಬಿಟ್ಟಿದೀಯ."

ಗಾಶ್ಪಾರ್ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

"ಕಾಲು ಚಾಚು," ಎಂದಳು ಎತೆಲ್ಕಾ ಕನ್ನಡಕ ಏರಿಸಿಕೊಂಡು. "ಅಳತೆ ನೋಡ್ಬೇಕು. ಥೂ, ಮನೆಚಪ್ಪಲೀಲೇ ಬೀದಿ ಸುತ್ತಿದೀಯಾ? ಐದು ವಾರ ಮನೇಲಿಲ್ಲ ಅಂದ್ರೆ ನೋಡು ಗತಿ! ಈ ದರಿದ್ರ ಕುರ್ಚಿ ಬೇರೆ, ಯಾವತ್ತು ಮನೆಯಿಂದ ತೊಲಗುತ್ತೋ!"

ಗಾಶ್ಪಾರ್ ಸ್ಟೂಲಿನ ಮೇಲೆ ಕೂತು ಕಾಲು ಚಾಚಿದ.