ಬಿಳಿ ಗುಳಿಗಿ, ಹಳದಿ ಗುಳಿಗಿ

ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದೇ ಚೀಟಿ ಮಾಡಿಸಿಕೊಂಡು ಬಂದು ಬೆಂಚಿನ ಮೇಲೆ ಕೂತಿರುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಳ್ಳಾರಿಯಲ್ಲಿ ನರ್ಸಾಗಿದ್ದೆ. ಈಗಲೂ ಮಧ್ಯಾಹ್ನ ಉಂಡು ಫ್ಯಾನಿನ ಕೆಳಗೆ ಕಣ್ಣು ಮುಚ್ಚಿದರೆ ಸಕ್ಕರೆ ಕಾಯಿಲೆಯವರು ಬರುತ್ತಿದ್ದ ಆ ಮಂಗಳವಾರಗಳು ಮೆಲ್ಲಗೆ ತೇಲಿ ಬರುತ್ತವೆ. ಬಿಸಿಲಿಗೆ ಬೆಳ್ಳಗಾದ ಅಂಗಳ, ಬೇವಿನ ನೆರಳು, ಬೆಂಚಿನ ತುಂಬ ತೂಕಡಿಸುವ ದಪ್ಪ ಹೆಂಗಸರು. ತೂಕದ ಯಂತ್ರದ ಮುಳ್ಳು ಅವರು ಇಳಿದುಹೋದ ಮೇಲೂ ಸ್ವಲ್ಪ ಹೊತ್ತು ಅಲುಗುತ್ತಿರುತ್ತಿತ್ತು. ಅದನ್ನು ನೋಡುತ್ತಾ ನನಗೂ ನಿದ್ದೆ ಎಳೆಯುತ್ತಿತ್ತು.

ನಮ್ಮ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು, ದೊಡ್ಡ ಡಿಗ್ರಿಗೆ ಓದುತ್ತಿದ್ದರು. ಅದಕ್ಕೊಂದು ಥೀಸಿಸ್ ಬರೆಯಬೇಕಿತ್ತು. ಸಕ್ಕರೆ ಏರಿದ ದಪ್ಪ ಹೆಂಗಸರಲ್ಲಿ ಅರ್ಧ ಮಂದಿಗೆ ಬಿಳಿ ಗುಳಿಗೆ, ಅರ್ಧ ಮಂದಿಗೆ ಹಳದಿ ಗುಳಿಗೆ ಕೊಟ್ಟು ಯಾವುದು ಹೆಚ್ಚು ಕೆಲಸ ಮಾಡುತ್ತದೆಂದು ನೋಡುವುದು. ಒಮ್ಮೆ ಆಗಲೇ ಫೇಲಾಗಿದ್ದರು. ಈ ಸಲವೂ ಹೋದರೆ ಓದು ಬಿಟ್ಟು ಊರಿಗೆ ಹೋಗಬೇಕು. ಇದನ್ನು ನನಗೆ ಹೇಳುವಾಗ ಅವರ ಕಣ್ಣು ತುಂಬಿದ್ದವು.

೧. ಮಾತು ಕೇಳದ ಮೈ

ಬೆಂಚಿಗೆಲ್ಲ ಹಿರಿಯಳು ಸಿರುಗುಪ್ಪದ ದೊಡ್ಡವ್ವ. ಭತ್ತದ ಗದ್ದೆಯವಳು, ಅನ್ನವೆಂದರೆ ಪ್ರಾಣ. ತನಗ್ಯಾಕೆ ಈ ಕಾಯಿಲೆ ಬಂತೆಂದು ಕೇಳಿದಳು.

ಡಾಕ್ಟರಮ್ಮ ಬಿಡಿಸಿ ಹೇಳಿದರು: "ಮೈಯಾಗ ಇನ್ಸುಲಿನ್ ಅಂತ ಒಂದು ರಸ ಐತಿ ದೊಡ್ಡವ್ವಾ. ಸಕ್ಕರಿ ಒಳಗ ತಗೋ ಅಂತ ಅದು ಮೈಗೆ ಹೇಳತೈತಿ. ಮೈ ದಪ್ಪ ಆದಂಗ ಅದರ ಮಾತು ಕೇಳಂಗಿಲ್ಲ."

"ತಿಳೀತು ಬಿಡು. ನಾ ಹೇಳಿದ್ದು ನಮ್ಮನಿಯವರು ಕೇಳಲಾರದಂಗ."

"ಹೂಂ. ಈ ಗುಳಿಗಿ ನುಂಗಿದ್ರ ಕೇಳತೈತಿ."

ದೊಡ್ಡವ್ವ ಸೆರಗಿನ ತುದಿ ಬಿಚ್ಚಿ ಹಿಡಿದಳು. "ಹಂಗಾದ್ರ ನಾಕು ಹೆಚ್ಚಿಗಿ ಹಾಕವ್ವಾ, ಅವರ ಚಾದಾಗ ಕಲಸತೀನಿ."

೨. ಮೂರನೇ ಊಟ

ಕೊಳಗಲ್ಲಿನಾಕೆ ಒಬ್ಬಳು ತಿಂಗಳು ಬಿಟ್ಟು ಬಂದಾಗ ಎರಡು ಕಿಲೋ ಏರಿದ್ದಳು. ಗುಳಿಗೆ ಬಿಟ್ಟಳೇನೋ ಎಂದು ನಾನು ಗದರಿದೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು.

"ಒಂದೂ ಬಿಟ್ಟಿಲ್ರೀ ಸಿಸ್ಟರಮ್ಮಾ. ದಿನಕ್ಕ ಮೂರು, ಉಂಡ ಮ್ಯಾಲೆ ಒಂದೊಂದು ಅಂತ ನೀವ ಹೇಳಿದ್ರಿ. ನಾ ಮೊದಲು ಎರಡ ಹೊತ್ತು ಉಣ್ಣತಿದ್ದೆ."

"ಈಗ?"

"ಗುಳಿಗಿ ಸಲುವಾಗಿ ಮೂರನೇ ಊಟ ಸುರು ಮಾಡೀನ್ರಿ. ಭಾಳ ತ್ರಾಸ ಆಗತೈತಿ, ಆದ್ರೂ ನಿಮ್ಮ ಮಾತು ಮೀರಬಾರದಂತ ಉಣ್ಣಾಕತ್ತೀನಿ."

೩. ಕುರುಗೋಡಿನ ಅತ್ತೆಯ ನ್ಯಾಯ

ಕುರುಗೋಡಿನ ಒಂದೇ ಮನೆಯ ಇಬ್ಬರು ಸೊಸೆಯಂದಿರಲ್ಲಿ ಹಿರಿಯಳಿಗೆ ಬಿಳಿ, ಕಿರಿಯಳಿಗೆ ಹಳದಿ ಗುಳಿಗೆ ಬಂದಿತ್ತು. ಎರಡನೇ ತಿಂಗಳು ಅವರತ್ತೆ ತಾನೇ ಬಂದು ಡಾಕ್ಟರಮ್ಮನ ಮುಂದೆ ಕೂತಳು.

"ಒಬ್ಬಾಕಿಗೆ ಬಂಗಾರದಂಥ ಗುಳಿಗಿ, ಇನ್ನೊಬ್ಬಾಕಿಗೆ ಸುಣ್ಣದಂಥದ್ದು. ನಮ್ಮ ಮನಿ ಒಡೀಬೇಕಂತ ಮಾಡೀರೇನ್ರಿ? ನಾ ಎರಡೂ ಒಂದ ಡಬ್ಬ್ಯಾಗ ಸುರುವಿ, ಭೇದ ಇಲ್ದಂಗ ಹಂಚಾಕತ್ತೀನಿ."

ಡಾಕ್ಟರಮ್ಮ ಹಣೆ ಹಿಡಿದುಕೊಂಡರು. ಇಬ್ಬರ ಹೆಸರನ್ನೂ ಹೊಡೆದುಹಾಕಬೇಕಾಯಿತು. ನೀವೂ ನುಂಗಿದಿರೇನು ಎಂದು ಹೆದರಿಕೊಂಡೇ ಕೇಳಿದರು.

"ಮತ್ತ? ಹಿರೇರಿಗೆ ಕೊಡದ ಸಣ್ಣವರು ತಿಂದ್ರ ಊರು ನಗಾಂಗಿಲ್ಲೇನ್ರಿ?"

೪. ಪರೀಕ್ಷೆ

ಅವತ್ತು ಡಾಕ್ಟರಮ್ಮ ಪಟ್ಟಿಯಲ್ಲಿ ಉಳಿದ ಹೆಸರುಗಳನ್ನು ಮತ್ತೆ ಮತ್ತೆ ಎಣಿಸುತ್ತಾ ಕೂತುಬಿಟ್ಟರು. ದೊಡ್ಡವ್ವ ನನ್ನ ಸೆರಗು ಜಗ್ಗಿ ಏನಾಯ್ತೆಂದು ಕೇಳಿದಳು. ಮದ್ದಿನ ಪರೀಕ್ಷೆ ಕೆಡುತ್ತಿದೆ ಅನ್ನಬೇಕಾದವಳು ನಾನು, "ಇದು ಆಕಿ ಪರೀಕ್ಷಿ ದೊಡ್ಡವ್ವಾ. ನಿಮ್ಮ ತೂಕ ಇಳೀಲಿಲ್ಲಂದ್ರ ಆಕಿ ಪಾಸಾಗಂಗಿಲ್ಲ" ಅಂದುಬಿಟ್ಟೆ. ನನ್ನ ನಾಲಿಗೆಗೆ ಆಗಲೂ ಲಗಾಮಿರಲಿಲ್ಲ.

ಮುಂದಿನ ತಿಂಗಳಿಂದ ತೂಕದ ಮುಳ್ಳು ಹಿಂದಕ್ಕೆ ಸರಿಯತೊಡಗಿತು. ಬಿಳಿ ಗುಳಿಗೆಯವರೂ ಇಳಿದರು, ಹಳದಿಯವರೂ ಅಷ್ಟೇ ಇಳಿದರು. ಸಕ್ಕರೆಯೂ ಇಳಿಯಿತು. ಡಾಕ್ಟರಮ್ಮ ಮೊದಲು ಹಿಗ್ಗಿದರು, ಆಮೇಲೆ ಅನುಮಾನಪಟ್ಟರು. ಯಾವ ಗುಳಿಗೆಯಿಂದ ಗುಣ ಕಂಡಿತೆಂದು ದೊಡ್ಡವ್ವನನ್ನು ಕೇಳಿದರು.

"ಗುಳಿಗಿ ಎಲ್ಲೀದು ಯವ್ವಾ? ನೀ ಪಾಸಾಗಲಿ ಅಂತ ಬೆಂಚಿನವರೆಲ್ಲಾ ಸೇರಿ ಹರಕಿ ಹೊತ್ತೀವಿ. ಅನ್ನಾ ಬೆಲ್ಲಾ ಎರಡೂ ಬಿಟ್ಟೀವಿ. ಬರೇ ರೊಟ್ಟಿ, ಪಲ್ಯ."

ಅನ್ನವೆಂದರೆ ಪ್ರಾಣ ಬಿಡುವವಳು ಹೇಳಿದ ಮಾತಿದು. ಡಾಕ್ಟರಮ್ಮ ಅಲ್ಲೇ ಅತ್ತರು, ನಾನೂ ಅತ್ತೆ. ಅತ್ತು ಮುಗಿದ ಮೇಲೆ, ಥೀಸಿಸ್ ನೆಲಕಚ್ಚಿತಲ್ಲ ಎಂದು ಇಬ್ಬರಿಗೂ ಹೊಳೆಯಿತು.

ಅವರು ಏನನ್ನೂ ಮುಚ್ಚಿಡಲಿಲ್ಲ. ಎರಡೂ ಗುಳಿಗೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಹೆಂಗಸರು ಹರಕೆ ಹೊತ್ತು ಅನ್ನ ಬಿಟ್ಟಿದ್ದರು ಎಂದೇ ಬರೆದರು. ಪರೀಕ್ಷೆಗೆ ಹೋದಾಗ ದೊಡ್ಡ ಡಾಕ್ಟರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿಕೊಂಡರಂತೆ. ಅದು ನಗೆಯೋ ಸಿಟ್ಟೋ ಇವರಿಗೆ ತಿಳಿಯಲಿಲ್ಲ.

ಎರಡು ತಿಂಗಳ ಮೇಲೆ ಒಂದು ಮಂಗಳವಾರ ಡಾಕ್ಟರಮ್ಮ ಬೇವಿನ ನೆರಳಲ್ಲಿ ನಡೆದು ಬಂದು, "ಪಾಸಾದೆ ದೊಡ್ಡವ್ವಾ" ಅಂದರು. ಬೆಂಚು ಕನಸಿನಿಂದ ಎದ್ದ ಹಾಗೆ ಎದ್ದಿತು. ಎಲ್ಲರ ಕುಪ್ಪಸ ಸಡಿಲಾಗಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ದೊಡ್ಡವ್ವ ಆಕೆಯ ಕೆನ್ನೆ ಸವರಿ ಲಟಿಕೆ ಮುರಿದಳು.

"ಪಾಸಾದೆಲ್ಲ, ಇನ್ನ ಅನ್ನ ಉಣ್ಣಬೌದಲ್ಲ?"

ಡಾಕ್ಟರಮ್ಮ ಅವಳ ಹಗುರಾದ ಮೈಯನ್ನು ತಲೆಯಿಂದ ಕಾಲತನಕ ನೋಡಿದರು. ಜನ್ಮದಲ್ಲಿ ಸುಳ್ಳು ಹೇಳದವರು, ನನ್ನ ಕಡೆ ತಿರುಗದೆ ಹೇಳಿದರು: "ಇನ್ನೂ ಒಂದು ಪರೀಕ್ಷಿ ಐತಿ ದೊಡ್ಡವ್ವಾ."

ಬೆಂಚು ಪೂರ್ತಿ ನಿಟ್ಟುಸಿರು ಬಿಟ್ಟಿತು. ದೊಡ್ಡವ್ವ ಆಕೆಯ ಕೈ ಹಿಡಿದುಕೊಂಡಳು.

"ಸಾಕು ಬಿಡವ್ವಾ ಓದಿದ್ದು. ಜಲ್ದಿ ಒಂದು ಲಗ್ನಾ ಮಾಡಿಕೊಂಡುಬಿಡು. ಅವತ್ತಾದ್ರೂ ನಾವು ಅನ್ನ ಉಣ್ಣತೀವಿ."