ನಮ್ಮ ತೋಟದ ಕಾಫಿಯ ಪರಿಚಯ

ಮನುಷ್ಯನಿಗೆ ತನ್ನ ಮೈಯಲ್ಲಿ ಯಾವುದಾದರೂ ಒಂದರ ಬಗ್ಗೆ ಜಂಬ ಇದ್ದೇ ಇರುತ್ತದೆ. ಕೆಲವರಿಗೆ ಮೂಗು, ಕೆಲವರಿಗೆ ಮೀಸೆ, ನಮ್ಮ ದಾಯಾದಿಯೊಬ್ಬರಿಗೆ ಅರವತ್ತು ದಾಟಿದರೂ ಉದುರದ ಕೂದಲು. ನನಗೆ ನಾಲಗೆ. ಮೂಡಿಗೆರೆ ಹತ್ತಿರ ಹನ್ನೆರಡು ಎಕರೆ ಕಾಫಿ ಬೆಳೆಯುವ ನಾನು, ಕಾಳನ್ನು ಹಲ್ಲಲ್ಲಿ ಒಮ್ಮೆ ಕಡಿದರೆ ಸಾಕು, ಒಣಗಿದ್ದು ಸಾಕೋ ಇನ್ನೊಂದು ಬಿಸಿಲು ಬೇಕೋ ಹೇಳಿಬಿಡುತ್ತೇನೆ. ಆಲ್ದೂರಿನ ಕಾಫಿ ವ್ಯಾಪಾರಿ ಹಸನಬ್ಬನವರು ಒಮ್ಮೆ ನಾಲ್ಕು ಜನರೆದುರು, "ಗೌಡ್ರ ಬಾಯಿ ಇದ್ರೆ ತೇವ ನೋಡೋ ಮಿಶಿನ್ನೇ ಬೇಡ ಮಾರಾಯ್ರೆ" ಎಂದಿದ್ದರು. ಆ ಮಾತನ್ನು ಮನೆಗೆ ಬಂದು ಹೆಂಡತಿ ಲಲಿತೆಗೆ ಮೂರು ಸಲ ಹೇಳಿದ್ದೆ.

ಇಂಥ ನಾಲಗೆಯ ಒಡೆಯನಿಗೆ ಕಳೆದ ವರ್ಷ ಸಕ್ಕರೆ ಕಾಯಿಲೆ ಎಂದಾಯಿತು. ಡಾಕ್ಟರಮ್ಮ ರಿಪೋರ್ಟು ನೋಡಿ, "ದಿನಕ್ಕೆ ಎಷ್ಟು ಕಾಫಿ ಗೌಡ್ರೇ?" ಎಂದರು. "ಐದಾರು. ಸಕ್ಕರೆ ಎರಡು ಚಮಚ" ಎಂದೆ. ಹಿಂದೆ ನಿಂತಿದ್ದ ಲಲಿತೆ, "ಕಾಫಿ ಎಂಟು, ಚಮಚ ನಾಲ್ಕು" ಎಂದು ತಿದ್ದಿದಳು. ಸಕ್ಕರೆ ಪೂರ್ತಿ ಬಿಟ್ಟು, ಮಾತ್ರೆ ನುಂಗಿ, ದಿನಾ ನಡೆಯಬೇಕು. ಮೂರು ತಿಂಗಳಲ್ಲಿ ಇಳಿಯದಿದ್ದರೆ ಇನ್ಸುಲಿನ್ ಚುಚ್ಚಿಕೊಳ್ಳಬೇಕು ಎಂದರು. ನಾಯಿಗೆ ಚುಚ್ಚುಮದ್ದು ಕೊಡಿಸುವಾಗಲೂ ಹೊರಗೆ ನಿಲ್ಲುವವನು ನಾನು. ಅದೂ ಅಲ್ಲದೆ, ಇದೇ ಕಾಯಿಲೆಗೆ ಅಪ್ಪಯ್ಯನ ಕಾಲಿನ ಎರಡು ಬೆರಳು ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ನಿಜವಾಗಿಯೂ ಹೆದರಿದೆ.

ಕಡುಬು ಎಣಿಸಿ ತಿನ್ನುವುದು ರೂಢಿಯಾಯಿತು. ಕಂಡಕಂಡವರು ಹೇಳಿದ ಹಾಗಲಕಾಯಿ ರಸವೂ ಗಂಟಲಲ್ಲಿ ಇಳಿಯಿತು. ಕಾಫಿ ಮಾತ್ರ ಇಳಿಯಲಿಲ್ಲ. ಸಕ್ಕರೆಯಿಲ್ಲದ ಮೊದಲ ಗುಟುಕಿಗೆ, ಗೋಣಿಚೀಲ ನೆನೆಸಿದ ನೀರು ಕುಡಿದಂತಾಯಿತು. ಆಗಬೇಕಾದದ್ದೇ ಅನ್ನಿ. ನಮ್ಮ ಕಡೆ ಬೆಳೆಗಾರರ ಮನೆಗಳಲ್ಲಿ, ತೊಳೆದು ಹದವಾಗಿ ಒಣಗಿಸಿದ ಒಳ್ಳೆಯ ಕಾಳು, ಅಂದರೆ ಪಾರ್ಚ್‌ಮೆಂಟ್, ಮಾರಾಟಕ್ಕೆ ಹೋಗುತ್ತದೆ. ಗಿಡದ ಬುಡದಲ್ಲಿ ಉದುರಿ ಮಣ್ಣು ಹತ್ತಿದ್ದು, ಹುಳ ಕೊರೆದದ್ದು, ಕಣ ಗುಡಿಸುವಾಗ ಸಿಕ್ಕಿದ್ದು ಮನೆಗೆ. ಅಪ್ಪಯ್ಯ ಹಾಗೆ ಮಾಡಿದ್ದರು, ನಾನೂ ಹಾಗೆಯೇ ಮಾಡಿದೆ. ಒಳ್ಳೆಯ ಕಾಳನ್ನು ಹುರಿದು ಕುಡಿಯುವವರು ಮನೆ ಉಳಿಸುವುದಿಲ್ಲ ಎಂದು ಮದುವೆಯಾದ ಹೊಸದರಲ್ಲೇ ಲಲಿತೆಗೆ ಉಪದೇಶ ಮಾಡಿದ್ದೆ.

ಹದಿನೇಳನೇ ದಿನ ಸೋತೆ. ಚುಚ್ಚಿದರೆ ಚುಚ್ಚಲಿ ಎಂದುಕೊಂಡು, ಲಲಿತೆ ಬಟ್ಟೆ ತೆಗೆಯಲು ಹೊರಗೆ ಹೋದದ್ದೇ ತಡ, ಅಡುಗೆಮನೆಗೆ ನುಗ್ಗಿ ಸಕ್ಕರೆ ಡಬ್ಬಿ ಇಳಿಸಿದೆ. ಒಲೆಯ ಪಕ್ಕದಲ್ಲಿ ತಟ್ಟೆ ಮುಚ್ಚಿದ ಒಂದು ಲೋಟ ಕಾಫಿ ಇತ್ತು. ನನ್ನದೇ ಎಂದುಕೊಂಡೆ. ನಾಲ್ಕು ಚಮಚಕ್ಕೆ ಜಾಗ ಆಗಬೇಕಲ್ಲ, ಮೊದಲು ಒಂದು ಗುಟುಕು ಕುಡಿದೆ.

ಚಮಚ ಕೈಯಲ್ಲೇ ಉಳಿಯಿತು. ಹಾಲು ನಾಮಕಾವಸ್ತೆ, ಸಕ್ಕರೆ ಸೊನ್ನೆ. ಕಹಿ ಇತ್ತು, ಆದರೆ ಅದರ ಹಿಂದೆ ಒಂದು ತೆಳು ಹುಳಿ, ಅದರ ಹಿಂದೆ ಕಿತ್ತಳೆ ಸುಲಿಯುವಾಗ ಏಳುವಂಥ ಘಮ. ನುಂಗಿದ ಮೇಲೂ ಅದು ಬಾಯಿ ಬಿಟ್ಟು ಹೋಗಲಿಲ್ಲ. ಇನ್ನೊಂದು ಗುಟುಕು ಕುಡಿದೆ, ಇನ್ನೊಂದು. ನಾಚಿಕೆ ಬಿಟ್ಟು ಹೇಳುತ್ತೇನೆ, ಕಣ್ಣು ತುಂಬಿತು. ಮೂವತ್ತು ವರ್ಷ ಗಿಡ ಸವರಿ, ಗೊಬ್ಬರ ಹಾಕಿ, ಕಾಫಿ ಹೂ ಅರಳಿಸುವ ಮಳೆಗಾಗಿ ಆಕಾಶ ನೋಡಿ ಕತ್ತು ನೋಯಿಸಿಕೊಂಡಿದ್ದೆ. ನಮ್ಮ ಮಣ್ಣಿನಲ್ಲಿ ಏನು ಬೆಳೆಯುತ್ತಿದೆ ಎಂಬುದು ಅಂದು ಗೊತ್ತಾಯಿತು.

"ಅಯ್ಯೋ, ಅದು ನಂದು!" ಬಟ್ಟೆ ಹೊತ್ತು ಬಂದ ಲಲಿತೆ ಬಾಗಿಲಲ್ಲೇ ನಿಂತಳು.

"ಎಲ್ಲಿಂದ ತಂದ್ಯೇ ಈ ಪುಡಿ?"

"ತರೋದೇನು? ನಮ್ಮ ತೋಟದ್ದೇ. ವ್ಯಾಪಾರಿಗೆ ತೋರ್ಸೋಕೆ ಪಾರ್ಚ್‌ಮೆಂಟ್ ಸ್ಯಾಂಪಲ್ ಕಟ್ಕೊಂಡು ಹೋಗ್ತೀರಲ್ಲ, ಉಳಿದಿದ್ದು ತಂದು ಜಗಲಿ ಮೇಲೆ ಎಸೀತೀರಿ. ಅದನ್ನೇ ಕುಟ್ಟಿ, ಸಿಪ್ಪೆ ತೆಗ್ದು, ಬಾಣಲೇಲಿ ಹುರ್ಕೊಳ್ತೀನಿ."

"ಯಾವಾಗಿಂದ?"

"ಮದುವೆ ಆದ ಮಾರನೇ ವರ್ಷದಿಂದ."

"ನಂಗ್ಯಾಕೆ ಕೊಡ್ಲಿಲ್ಲ ಮಾರಾಯ್ತಿ?"

"ಕೊಟ್ಟಿದ್ದೆ ಒಂದ್ಸಲ. ನಾಲ್ಕು ಚಮಚ ಸಕ್ಕರೆ ಸುರ್ಕೊಂಡು ಕುಡ್ದು, ಯಾವಾಗ್ಲೂ ಮಾಡೋ ಹಾಗೇ ಇದೆ ಅಂದ್ರಿ. ಸುಮ್ನಾದೆ."

ಕಾಫಿಯ ಬೆರಗು ಒಂದು ಕಡೆ, ಇವಳ ಬೆರಗು ಇನ್ನೊಂದು ಕಡೆ. ಒಂದೇ ಅಡುಗೆಮನೆ, ಒಂದೇ ಒಲೆ, ಎರಡು ಡಬ್ಬಿ. ಇಷ್ಟು ವರ್ಷ ನನಗೆ ವಾಸನೆಯೂ ಬಡಿಯಲಿಲ್ಲ. ಅಂದಿನಿಂದ ಇಬ್ಬರಿಗೂ ಅವಳ ಡಬ್ಬಿಯದೇ, ದಿನಕ್ಕೆ ಎರಡು ಲೋಟ. ಸಕ್ಕರೆಯ ನೆನಪು ಮತ್ತೆ ಬರಲಿಲ್ಲ.

ಮೂರು ತಿಂಗಳಿಗೆ ಸಕ್ಕರೆ ಇಳಿದಿತ್ತು. ಸೂಜಿ ಬೇಡ ಎಂದರು. "ಎಂಥ ಗಟ್ಟಿ ಮನಸ್ಸು ಗೌಡ್ರೇ ನಿಮ್ದು! ಹೊರಗೆ ಕೂತಿರೋ ಹೊಸಬ್ರಿಗೆ ಎರಡು ಮಾತು ಹೇಳಿ" ಎಂದರು ಡಾಕ್ಟರಮ್ಮ. ಹತ್ತು ನಿಮಿಷ ಹೇಳಿದೆ. ಮನೋನಿಗ್ರಹ, ಛಲ, ನಾಲಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುವ ಬಗೆ, ಎಲ್ಲವೂ ಬಂತು. ಲಲಿತೆಯ ಹೆಸರು ಬರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಅವಳು ಪೂರ್ತಿ ಕೇಳಿಸಿಕೊಂಡಳು.

ಮನೆಗೆ ಬಂದ ಕೂಡಲೇ ಕಾಫಿ ತಂದುಕೊಟ್ಟಳು. ಒಂದೇ ಗುಟುಕಿಗೆ ತಿಳಿಯಿತು, ಕಣ ಗುಡಿಸಿದ್ದು. ತಲೆ ಎತ್ತಿ ನೋಡಿದೆ. ಅವಳು ತನ್ನ ಲೋಟ ಹಿಡಿದು ಎದುರಿಗೇ ಕೂತಿದ್ದಳು. ಕೊನೆಯ ಹನಿಯವರೆಗೆ ಕುಡಿದು, ಲೋಟವನ್ನು ನಾನೇ ತೊಳೆದಿಟ್ಟೆ.