ತೊಟ್ಟಿಯ ಗಂಟೆ, ಗಿರಣಿಯ ನಿದ್ದೆ

ತೂಕಡಿಸುವವರನ್ನು ಕಂಡರೆ ಎಲ್ಲರಿಗೂ ಸಸಾರ. ಕಣ್ಣು ಮುಚ್ಚಿದವನ ಕಿವಿಯೂ ಮುಚ್ಚಿರುತ್ತದೆ ಎಂದು ಅವರ ನಂಬಿಕೆ. ತೊಟ್ಟಿಲು ತೂಗುವ ಕೈ ನಿಂತ ಕೂಡಲೇ ಕೂಸು ಎದ್ದು ಅಳುವುದಿಲ್ಲವೇ? ನಾನೂ ಆ ಕೂಸಿನ ಪೈಕಿಯೇ. ಮೀಸೆ ನರೆತಿದೆ, ಅಷ್ಟೇ ವ್ಯತ್ಯಾಸ.

ಶಿರಸಿಯ ಅಕ್ಕಿ ಗಿರಣಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುವುದು ನನ್ನ ಕೆಲಸ. ಅದು ದುಡುಂ ದುಡುಂ ಎನ್ನತೊಡಗಿದರೆ ಸಾಕು, ತೌಡಿನ ಬೆಚ್ಚನೆಯ ವಾಸನೆಯಲ್ಲಿ ನಾನು ಬಿಳಗಿಯ ಅಜ್ಜನಮನೆಗೆ ಹೋಗಿಬಿಡುತ್ತೇನೆ. ಅಲ್ಲಿ ಅಜ್ಜಿ ಮಜ್ಜಿಗೆ ಕಡೆಯುತ್ತಿರುತ್ತಾಳೆ. ಇನ್ನೇನು ಬೆಣ್ಣೆ ಬಂತು ಎನ್ನುವಾಗ ಯಾರೋ ಭುಜ ಅಲುಗಿಸುತ್ತಾರೆ. ಆ ಬೆಣ್ಣೆ ಇದುವರೆಗೂ ನನ್ನ ಕೈಗೆ ಬಂದಿಲ್ಲ.

ಹಾಗೆ ಅಲುಗಿಸಿದವರು ಒಮ್ಮೆ ಗಿರಣಿಯ ಸಾವುಕಾರರೇ ಆಗಿದ್ದರು. ಬನವಾಸಿ ಕಡೆಯವರು, ಬೈಯುವಾಗಲೂ ಬಹುವಚನ. “ಭಟ್ರ, ನೀವ್ ಎಂಜಿನ್ ಕಾಯಾಕತ್ತೀರೋ, ಎಂಜಿನ್ ನಿಮ್ಮನ್ನ ಕಾಯಾಕತ್ತೈತೋ?” ಎಂದರು. ಮರುವಾರವೇ ಹುಬ್ಬಳ್ಳಿಯಿಂದ ಮಿಸ್ತ್ರಿಯನ್ನು ಕರೆಸಿ, ಎಂಜಿನ್ ತಣಿಸುವ ನೀರಿನ ತೊಟ್ಟಿಯಲ್ಲಿ ಬಾಯಿ ಮುಚ್ಚಿದ ಡಬ್ಬಿ ತೇಲಿಬಿಡಿಸಿ, ಅದಕ್ಕೆ ಹಗ್ಗ, ಹಗ್ಗಕ್ಕೆ ಗಂಟೆ ಕಟ್ಟಿಸಿದರು. ನೀರು ತಗ್ಗಿದರೆ ಡಬ್ಬಿ ಇಳಿದು ಗಂಟೆ ತಾನಾಗಿ ಹೊಡೆದುಕೊಳ್ಳಬೇಕು. “ಈ ತಿಂಗ್ಳ ನೋಡೂಣ್ರಿ. ಗಂಟೀನ ಸಾಕು ಅನಿಸಿದ್ರ ನಿಮಗ ಕಾಯಂ ರಜಾ.”

ಮನೆಯಲ್ಲಿ ಹೇಳಿದರೆ ಹೆಂಡತಿ ಒಲೆಯಿಂದ ಮುಖ ಎತ್ತಲಿಲ್ಲ. “ಗಂಟೆ ಸಂಬಳ ಕೇಳ್ತಿಲ್ಲೆ, ಗೊರಕೆನೂ ಹೊಡಿತಿಲ್ಲೆ. ನಿಂಗಳಿಗಿಂತ ಅಡ್ಡಿಲ್ಲೆ ಬಿಡಿ,” ಎಂದಳು. ಆದರೆ ಅಂದು ಸಾರಿಗೆ ಉಪ್ಪು ಹಾಕುವುದನ್ನು ಅವಳೂ ಮರೆತಿದ್ದಳು.

ಎಂಜಿನ್ ಕುಲುಕಿದಾಗೆಲ್ಲ ನೀರು ತುಳುಕಿ, ಡಬ್ಬಿ ಕುಣಿದು, ಗಂಟೆ ದಿನವಿಡೀ ಟಿಣ್ ಟಿಣ್. ಮೊದಮೊದಲು ಎಲ್ಲರೂ ಓಡಿಬಂದರು. ತೊಟ್ಟಿ ತುಂಬಿಯೇ ಇರುತ್ತಿತ್ತು. ಆಮೇಲೆ ಯಾರೂ ತಿರುಗಿಯೂ ನೋಡಲಿಲ್ಲ. ನನ್ನ ಕನಸಿನ ಅಜ್ಜನಮನೆಗಂತೂ ಕೊರಳಗಂಟೆಯ ಹಸುವೊಂದು ಬಂದು ಸೇರಿಕೊಂಡಿತು.

ಒಂದು ಮಧ್ಯಾಹ್ನ ಆ ಹಸು ಸುಮ್ಮನಾಯಿತು. ಎಲ್ಲಿ ಹೋಯಿತೆಂದು ಹಿತ್ತಿಲೆಲ್ಲ ಹುಡುಕುತ್ತಿದ್ದಂತೆ ಎಚ್ಚರವಾಯಿತು. ಎಂಜಿನ್ ಓಡುತ್ತಿದೆ, ಗಂಟೆಯ ಸದ್ದಿಲ್ಲ. ಎದ್ದು ನೋಡಿದರೆ ತೊಟ್ಟಿಯ ಬುಡ ಸೋರಿ ನೀರೆಲ್ಲ ಖಾಲಿ. ಡಬ್ಬಿ ತಳದ ಕೆಸರಿನಲ್ಲಿ ಹೂತು ಕೂತಿದೆ. ಇಳಿಯುವಾಗ ಅದು ನಿಜಕ್ಕೂ ಗಂಟೆ ಬಾರಿಸಿದ್ದನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಓಡಿಹೋಗಿ ಎಂಜಿನ್ ನಿಲ್ಲಿಸಿದೆ. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಪಿಸ್ಟನ್ ಕಚ್ಚಿಕೊಂಡು, ಗಿರಣಿಯೇ ಮುಚ್ಚುತ್ತಿತ್ತು.

ಸಾವುಕಾರರು ಬಿಸಿ ಎಂಜಿನ್ ಮುಟ್ಟಿ ಕೈ ಸುಟ್ಟುಕೊಂಡು, ನನ್ನನ್ನು ನೋಡಿದರು. ಗಂಟೆಯ ಸದ್ದು ನಿಂತದ್ದಕ್ಕೇ ಎಚ್ಚರವಾಯಿತು ಎಂದೆ. “ಇನ್ಮ್ಯಾಲೆ ಭಟ್ರನ್ನ ಯಾರೂ ಎಬ್ಬಿಸಬ್ಯಾಡ್ರಿ,” ಎಂದು ತೊಟ್ಟಿಯ ಪಕ್ಕ ಬೆಂಚು ಹಾಕಿಸಿ, ದಿಂಬನ್ನೂ ಕೊಡಿಸಿದರು.

ಅಂದಿನಿಂದ ಅದರ ಮೇಲೆ ಮಲಗುತ್ತಿದ್ದೇನೆ. ನಿದ್ದೆಯೇ ಕೆಲಸವಾದ ಮೇಲೆ ನಿದ್ದೆ ಹತ್ತಿರವೂ ಸುಳಿಯುವುದಿಲ್ಲ. ಸಾವುಕಾರರ ಹೆಜ್ಜೆ ಸಪ್ಪಳ ಕೇಳಿದಾಗ ಮಾತ್ರ ಸಣ್ಣಗೆ ಗೊರಕೆ ಹೊಡೆಯುತ್ತೇನೆ. ಕೆಲಸ ಉಳಿಯಬೇಕಲ್ಲ.